ಏಳು ಬಿಂದು ಎರಡು

ಪಯ್ಯನ್ನೂರಿನಿಂದ ಬೆಳಗಿನ ಲೋಕಲ್ಲು ಹಿಡಿದು
ಕುಂಬಳೆ ಸ್ಟೇಷನ್ನಿನಲ್ಲಿ ಇಳಿದು
ಹಳಿಯ ಬದಿಯಲ್ಲೇ ಕೊಡೆ ಬಿಡಿಸಿ ನಡೆದು ಬರುತ್ತಿದ್ದರು
ನಮ್ಮ ಗಣಿತಕ್ಕೆ ಬಿಂದು ಟೀಚರ್.
ಎಂಟನೇ ಬಿ, ಕನ್ನಡ ಡಿವಿಜನ್.
ಅವರಿಗೆ ಕನ್ನಡ ಬಾರದು.
ನಮಗೆ ಗಣಿತ.

ಮೊದಲ ದಿನ ಬೋರ್ಡಿನಲ್ಲಿ ಹತ್ತು ಬರೆದು
ಅದರ ಹೆಗಲ ಮೇಲೊಂದು ಪುಟ್ಟ ಮೂರನ್ನು ಕೂರಿಸಿ
‘ಕೃತಿ’ ಎಂದರು.
ಕೃತಿ ಅಂದರೆ ಪುಸ್ತಕ ಟೀಚರ್, ಎಂದ ಜಯಕರ.
ನಮ್ಮ ಪಾಠದಲ್ಲಿ ಇದ್ದದ್ದು ‘ಘಾತ’.
ಘಾತ ಅಂದರೆ ಎಂತ?
ಮಿಸ್ರಿಯಾ ಸ್ವಲ್ಪ ಯೋಚಿಸಿ
ನನ್ನ ಬೆನ್ನಿಗೊಂದು ಗುದ್ದಿ ತೋರಿಸಿದಳು.
ಟೀಚರ್ ನಕ್ಕು, ಅಂಗೈಯಲ್ಲಿ ಮಲಯಾಳ ಅಕ್ಷರದಲ್ಲಿ
ಬರೆದುಕೊಂಡರು.

ಹಾಗೆ ಕಲಿತೆವು, ಎರಡೂ ಕಡೆಯಿಂದ ತಡವರಿಸಿ.
ಹತ್ತರ ಘಾತ ಸೊನ್ನೆ ಅಂದರೆ ಒಂದು ಎಂದಾಗ ಗಲಾಟೆ.
ಸೊನ್ನೆಯೇ ಆಗಬೇಕಲ್ಲವೊ?
ಸಾವಿರ, ನೂರು, ಹತ್ತು ಎಂದು ಮೆಟ್ಟಿಲಿಳಿಸಿ ತೋರಿಸಿದರು,
ಕೊನೆಯ ಮೆಟ್ಟಿಲಲ್ಲಿ ಒಂದು ನಿಂತೇ ಇತ್ತು.
‘ಗುದ್ದು ಸೊನ್ನೆ, ಆಳು ಒಂದು’
ಎಂದರು, ನನ್ನ ಬೆನ್ನು ತೋರಿಸಿ.

ಆಧಾರ ಒಂದೇ ಆದರೆ ಘಾತಗಳನ್ನು ಕೂಡಿಸಿ.
ಈ ವಾಕ್ಯವನ್ನು ಮಾತ್ರ ಉಚ್ಚಾರ ತಪ್ಪದೆ
ಮೂರು ಸಲ ಹೇಳಿದರು.
ನಾನು ಬರೆದುಕೊಳ್ಳಲಿಲ್ಲ.
ಅಪ್ಪ ಮೀನಿನ ಲಾರಿಯಲ್ಲಿ ಹೋಗಿ ಬಾರದ ವರ್ಷ ಅದು.
ನಮ್ಮ ಮನೆಯಲ್ಲಿ ಆಧಾರ ಒಂದೇ.
ಕೂಡುತ್ತಿದ್ದದ್ದು ಗೊತ್ತಿತ್ತು.

ಅಮ್ಮ ಬೀಡಿ ಕಟ್ಟುತ್ತಿದ್ದಳು.
ತೊಡೆಯ ಮೇಲೆ ತಡ್ಪೆ, ಒದ್ದೆ ಗೋಣಿಯಲ್ಲಿ ಎಲೆ,
ತಗಡಿನ ಅಳತೆಗೆ ಕತ್ತರಿ, ಚಿಟಿಕೆ ಪುಡಿ, ಸುರುಳಿ, ಕೆಂಪು ನೂಲು.
ಇಪ್ಪತ್ತೈದಕ್ಕೆ ಒಂದು ಕಟ್ಟು,
ನಲವತ್ತು ಕಟ್ಟಿಗೆ ಸಾವಿರ.
ಒಂದು ರಾತ್ರಿ ಕಟ್ಟು ಜೋಡಿಸುತ್ತ ಕೂತವಳಿಗೆ ಥಟ್ಟನೆ ಕಂಡಿತು:
ಇಪ್ಪತ್ತೈದು ಅಂದರೆ ಐದರ ಘಾತ ಎರಡು,
ನಲವತ್ತರ ಹೊಟ್ಟೆಯಲ್ಲಿ ಇನ್ನೊಂದು ಐದು, ಮೂರು ಎರಡುಗಳು;
ಒಂದೊಂದು ಐದು ಒಂದೊಂದು ಎರಡರ ಕೈಹಿಡಿದರೆ
ಹತ್ತರ ಘಾತ ಮೂರು!
ಅಮ್ಮಾ, ನಿನ್ನ ಸಾವಿರ ಬರೀ ಸಾವಿರ ಅಲ್ಲ, ಎಂದೆ.
ನೂಲು ಬಿಗಿ ಮಾಡು, ಎಂದಳು.

ದೊಡ್ಡ ಸಂಖ್ಯೆಗೆ ಸಣ್ಣ ಅಂಗಿ ತೊಡಿಸುವ ವಿದ್ಯೆ ಆಮೇಲೆ ಬಂತು.
ಬಿಂದುವಿನ ಎಡಕ್ಕೆ ಒಂದೇ ಅಂಕಿ, ಅದು ಸೊನ್ನೆಯಾಗಕೂಡದು;
ಬಿಂದು ಎಷ್ಟು ಮನೆ ಎಡಕ್ಕೆ ಸರಿಯಿತೋ ಅಷ್ಟು ಘಾತ.
ಟೀಚರ್ ಕಿಟಕಿಯತ್ತ ಹೋದರೆ ಹಿಂದಿನ ಬೆಂಚಿನ ಪಿಸುಮಾತು:
ಬಿಂದು ಎಡಕ್ಕೆ ಸರಿಯಿತು, ಒಂದು ಕೂಡಿಸು.
ಅಷ್ಟರಲ್ಲಿ ಅವರಿಗೆ ಕನ್ನಡ ಬರುತ್ತಿತ್ತು.
ಬಲಕ್ಕೆ ಬಂದು ಜಯಕರನ ಕಿವಿ ಹಿಂಡಿ
‘ಈಗ ಕಳೆ’ ಎಂದರು.

ಸಾವಿರಕ್ಕೆ ಅರುವತ್ತು ರೂಪಾಯಿ ಆಗ.
ಒಂದು ಬೀಡಿಗೆ ಎಷ್ಟೆಂದು ಮಾಡಿ ನೋಡಿದೆ:
ಆರು ಗುಣಿಸು ಹತ್ತರ ಘಾತ ಋಣ ಎರಡು.
ಈ ಶಬ್ದಕ್ಕೆ ಯಾರೂ ಗುದ್ದಿ ತೋರಿಸಬೇಕಾಗಲಿಲ್ಲ.
ಋಣ ಟೀಚರ ಭಾಷೆಯಲ್ಲೂ ಋಣವೇ.

ಪರೀಕ್ಷೆಯ ಹಿಂದಿನ ರಾತ್ರಿ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ
ಅಮ್ಮನನ್ನು ಗುಣಿಸಿದೆ.
ದಿನಕ್ಕೆ ಎಂಟುನೂರು, ವರ್ಷಕ್ಕೆ ಮುನ್ನೂರು ದಿನ,
ಹತ್ತರ ಪ್ರಾಯದಿಂದ ನಲವತ್ತರ ತನಕ.
ಎಪ್ಪತ್ತೆರಡರ ಬಾಲಕ್ಕೆ ಐದು ಸೊನ್ನೆ.
ಬಿಂದುವನ್ನು ಕೈಹಿಡಿದು ಆರು ಮನೆ ನಡೆಸಿದೆ:

7.2 × 10⁶

ನೋಡು, ನೀನು ಈವರೆಗೆ ಕಟ್ಟಿದ್ದು ಇಷ್ಟು.

ಶಾಲೆಯ ಮೆಟ್ಟಿಲು ಹತ್ತದವಳು, ಅಂಕಿ ಬಲ್ಲಳು,
ಬ್ರಾಂಚಿನ ಪಾಸ್‌ಬುಕ್ಕು ಕಲಿಸಿದಷ್ಟು.
ಏಳರ ಮೇಲೆ ಬೆರಳಿಟ್ಟಳು. ಚುಕ್ಕೆ ದಾಟಿದಳು.
ಎರಡರ ಮೇಲೆ ನಿಂತಳು.
‘ಈ ಎರಡು ಎಂತಕ್ಕೆ ಹೊರಗೆ ಕೂತದ್ದು?
ಬ್ರಾಂಚಿನವ ವಾಪಸು ಎಸೆದದ್ದಾ?’

ಅದು ಎರಡು ಲಕ್ಷ ಅಮ್ಮ, ಎಂದೆ.

‘ಹೌದು,’ ಎಂದಳು ಇನ್ನೊಂದು ಎಲೆ ತೆಗೆದುಕೊಂಡು,
‘ಅಷ್ಟು ಆಗಿರಬಹುದು.’