ಇಪ್ಪತ್ತಕ್ಕೆ ಎಷ್ಟು

ಎಂಟನೇ ಇಯತ್ತೆ, ಬ ವಿಭಾಗ, ನಲವತ್ತೆರಡು ಹಾಳೆ.
ವಿಷಯ ನಾನೇ ಕೊಟ್ಟದ್ದು: ನಮ್ಮ ಶಹಾಬಾದಿನ ಮಧ್ಯಾಹ್ನ.
ಆಕಾರಕ್ಕೆ ಐದು, ಬಣ್ಣಕ್ಕೆ ಐದು, ಅಚ್ಚುಕಟ್ಟಿಗೆ ಐದು,
ವಿಷಯಕ್ಕೆ ಹೊಂದಿದರೆ ಇನ್ನೈದು.
ಈ ಗೆರೆ ಹಾಕಿದ ರಿಜಿಸ್ಟರು ಮಾತ್ರ ನಾನು ಮಾಡಿದ್ದಲ್ಲ.

ಯಾರಿಗೂ ಅನ್ಯಾಯ ಆಗಬಾರದೆಂದು
ಹೆಸರಿರುವ ಮೂಲೆಗಳನ್ನು ಹಿಂದಕ್ಕೆ ಮಡಚಿ
ಪಿನ್ನು ಚುಚ್ಚಿ ಕೂತೆ.
ಆದರೆ ಹಾಳೆ ಬಾಯಿ ಬಿಡುತ್ತದೆ:
ರೊಟ್ಟಿ ಗಂಟಿನ ಜೊತೆ ಚೀಲದಲ್ಲಿ ಬಂದು
ಶೇಂಗಾ ಹಿಂಡಿಯ ಎಣ್ಣೆ ಕುಡಿದದ್ದು ಕಾಶವ್ವನದು.
ನಲವತ್ತೆಂಟು ಬಣ್ಣದ ಡಬ್ಬಿ ತರಗತಿಗೆ ಒಂದೇ,
ಗುಲಾಬಿಯಲ್ಲೇ ಮೂರು ಗುಲಾಬಿ, ಅದು ನಿಹಾರಿಕಾ.
ಕಲ್ಲಿನ ಹಿಟ್ಟಿನ ಹೆಬ್ಬೆಟ್ಟು ಮೂಡಿದ್ದರೆ
ಪಾಲಿಶ್ ಮಷೀನಿನ ಹಿಂದಿನ ಮನೆ, ಮೌಲಪ್ಪ.
ಮಡಚಿದ್ದು ಹೆಸರನ್ನಷ್ಟೇ.

ಮೂವತ್ತೊಂದನೆಯ ಹಾಳೆ ಖಾಲಿ.
ಕೆಳಗೆ ಕಡ್ಡಿಯಷ್ಟುದ್ದ ಪೆನ್ಸಿಲ್ ಗೆರೆ.
ಆಕಾರ ಒಂದು, ಬಣ್ಣ ಸೊನ್ನೆ, ವಿಷಯ ಒಂದು,
ಏನೂ ಮಾಡದವನ ಹಾಳೆ ಸ್ವಚ್ಛವೇ ಇರುತ್ತದೆ, ಅಚ್ಚುಕಟ್ಟಿಗೆ ನಾಲ್ಕು.
ರಿಜಿಸ್ಟರಿನಲ್ಲಿ ಕೆಂಪು ಆರು.

ಆಗ ಕರೆಂಟು ಹೋಯಿತು.
ಮೊಬೈಲಿನ ಬ್ಯಾಟರಿ ಹಚ್ಚಿ ಪಕ್ಕಕ್ಕಿಟ್ಟೆ,
ಹಾಳೆ ಓರೆಯಾಗಿ ಹೊಳೆಯಿತು.
ಮೇಣ.
ಅಂಚಿನಿಂದ ಅಂಚಿಗೆ ಬಿಳಿ ಕ್ರೆಯಾನು,
ಒತ್ತಿ ಒತ್ತಿ, ಕಾಗದ ತೊಗಲಾಗುವಷ್ಟು.
ಗಣಿಯ ಮೆಟ್ಟಿಲು ಮೆಟ್ಟಿಲು ಗೋಡೆ, ನಡುವೆ
ಮೇಣ ಮುಟ್ಟಿಸದೆ ಬಿಟ್ಟ ಒಂದು ಜಾಗ,
ಯಾರೋ ಹುಬ್ಬಿಗೆ ಅಂಗೈ ಅಡ್ಡ ಹಿಡಿದು ನಿಂತಷ್ಟು.

ಪಕ್ಕದಲ್ಲೇ ನನ್ನ ನೀಲಿ ಇತ್ತು, ಬಟ್ಟಲಲ್ಲಿ ನೀರು.
ಒಂದು ಸಲ ಕುಂಚ ಎಳೆದರೆ ಸಾಕು,
ಮೇಣ ನೀರನ್ನು ಒಲ್ಲೆನ್ನುತ್ತದೆ, ಬಿಟ್ಟ ಜಾಗ ನೀಲಿ ಕುಡಿಯುತ್ತದೆ,
ಹೆಡ್‌ಮಾಸ್ತರರಿಗೂ ಕಾಣುವಂತೆ ಎದ್ದು ಬರುತ್ತದೆ ಚಿತ್ರ.
ಆಗ ಹದಿನೆಂಟು ಕೊಡಬಹುದು.
ಯಾರಿಗೆ?
ಕುಂಚ ಝಾಡಿಸಿ ಇಟ್ಟೆ. ಪರಸಿಯ ಮೇಲೆ ಬಿದ್ದ ಹನಿ
ಬೆಳಿಗ್ಗೆಯೂ ಅಲ್ಲೇ ಇತ್ತು, ಒಣಗಿ.

ಹುಸೇನಪ್ಪನನ್ನು ಕರೆದು ಕೇಳಿದೆ.
ಹೊಡೆತ ಬಿದ್ದೀತೆಂದು ಒಂದು ಹೆಜ್ಜೆ ದೂರವೇ ನಿಂತ:
"ಬಿಳೀದು ಎಲ್ಲಾರ ಡಬ್ಬ್ಯಾಗೂ ಉಳೀತದ್ರಿ ಟೀಚರ್,
ಯಾರಿಗೂ ಬೇಕಾಗಂಗಿಲ್ಲ. ಕೇಳಿದ್ರ ಕೊಟ್ರು."
ನಾನು ಗಣಿಯ ಬಿಸಿಲಿನ ಮಾತು ಎತ್ತಿದೆ,
ಕಣ್ಣು ಕುಕ್ಕುವ ಆ ಬಿಳುಪು, ಹಾಗೆ ಹೀಗೆ.
"ಹೌದ್ರಿ" ಅಂದ.
ಟೀಚರ್ ಏನಂದರೂ ಅನ್ನುವ ಹೌದು ಅದು.

ಬಾಬೂರಾವ್ ಸರ್ ಕಿಟಕಿಗೆ ಹಿಡಿದು ನೋಡಿ,
ತಿರುವಿ ನೋಡಿ, ನನ್ನ ಮುಖ ನೋಡಿ,
"ಗಣಿತದಾಗ ಈ ತ್ರಾಸ ಇಲ್ ನೋಡ್ರಿ" ಅಂದು ಚಹಾಕ್ಕೆ ಹೋದರು.

ಎಷ್ಟು ಕೊಡುವುದು?
ಅವನು ಬರೆದದ್ದಕ್ಕೋ, ನಾನು ಓದಿಕೊಂಡದ್ದಕ್ಕೋ?
ಅವನ ಹತ್ತಿರ ಇಲ್ಲದ ಹನ್ನೊಂದು ಬಣ್ಣಕ್ಕೆ ಅಂಕಣ ಯಾವುದು?
ಕನಿಕರಕ್ಕೆಂದು ಎರಡು ಸೇರಿಸಿದರೆ
ನಿಹಾರಿಕಾಳ ಮೂರು ಗುಲಾಬಿ ಯಾವ ತಪ್ಪು ಮಾಡಿದವು?
ಅವಳ ಆಕಾಶ ನಿಜಕ್ಕೂ ಚೆಂದ ಇದೆ.

ಇನ್ನೊಂದು ಸಂಗತಿ ನಿದ್ದೆ ಕೆಡಿಸಿತು:
ಕರೆಂಟು ಹೋದದ್ದು ಮೂವತ್ತೊಂದಕ್ಕೆ.
ಉಳಿದವರಿಗೆಲ್ಲ ಟ್ಯೂಬ್‌ಲೈಟು,
ಇವನೊಬ್ಬನಿಗೆ ಓರೆ ಬೆಳಕು ಸಿಕ್ಕಿತು.

ಈ ರಾತ್ರಿ ದೀಪ ಆರಿಸಿ ಒಂದರಿಂದ ಶುರು ಮಾಡಿದ್ದೇನೆ.
ಕಾಶವ್ವನ ಬಾಗಿಲ ಬಳಿ ಮೊದಲು ಯಾರೋ ಕೂತಿದ್ದರು,
ರಬ್ಬರು ತಿಕ್ಕಿ, ಮೇಲೆ ಬೇವಿನ ಗಿಡ ಬರೆದಿದ್ದಾಳೆ.
ಮೌಲಪ್ಪನ ಲಾರಿಯ ಒಂದು ಚಕ್ರಕ್ಕೆ
ಕೈವಾರದ ಮೊನೆ ಆರು ಸಲ ಚುಚ್ಚಿದೆ, ಆರೂ ಸಲ ಬೇರೆ ಕಡೆ.
ನಿಹಾರಿಕಾಳ ಆಕಾಶದಲ್ಲಿ ಎಡಕ್ಕೆ ಒತ್ತಿದ ಕೈ, ಬಲಕ್ಕೆ ಹಗುರಾದ ಕೈ,
ಇನ್ನೊಬ್ಬರದೋ, ದಣಿದ ಅವಳದೇನೋ.

ಹನ್ನೊಂದು ಗಂಟೆಗೆ ರಿಜಿಸ್ಟರು ಒಪ್ಪಿಸಬೇಕು.
ನಾನಿನ್ನೂ ಒಂಬತ್ತನೆಯ ಹಾಳೆಯಲ್ಲಿದ್ದೇನೆ.
ಕೆಂಪು ಆರನ್ನು ಬ್ಲೇಡಿನಿಂದ ಹೆರೆದು ತೆಗೆದೆ,
ಓರೆ ಹಿಡಿದರೆ ಅದೂ ಕಾಣುತ್ತದೆ.