ಪೆನ್ಸಿಲಿನಲ್ಲಿ

ನಾಝಿಬ್ರೋಲಾ ತನ್ನ ಪುಸ್ತಕದಲ್ಲಿ ಬರೆದದ್ದು ಇಷ್ಟೇ:
"ಫೆಬ್ರವರಿ ಒಂಬತ್ತು, ಬೆಳಗ್ಗೆ ಏಳೂ ನಲವತ್ತು.
ಬಾಗಿಲು ತೆರೆದಿತ್ತು. ದೀಪ ಹಸಿರು. ನಿಲ್ಲಿಸಿದೆ."

ಕುತೈಸಿಯ ಕಚೇರಿಯಲ್ಲಿ ನಕ್ಕರು.
ಯಂತ್ರದ ದಿನಚರಿಯಲ್ಲಿ ಆ ಹೊತ್ತಿಗೆ ಎಲ್ಲ ಸರಿ ಎಂದೇ ಇದೆ,
ಅರವತ್ತೆಂಟರ ಕಣ್ಣು, ಪೊರೆ ಬಂದಿರಬೇಕು.
ಆದರೂ ತಂತಿಹಗ್ಗದ ಮೇಲೆ ತೂಗುವ ತಗಡಿನ ಡಬ್ಬಿ,
ಕೆಳಗೆ ಇನ್ನೂರು ಅಡಿ ಬಯಲು, ಅದರಡಿ ಕ್ವಿರಿಲಾ,
ಮ್ಯಾಂಗನೀಸ್ ತೊಳೆದು ಕಪ್ಪಾದ ನೀರು.
ಹೋಗಿ ನೋಡಿ ಬಾ ಎಂದು ನನ್ನನ್ನು ಅಟ್ಟಿದರು.

ಮೊದಲ ದಿನ ಬಾಗಿಲನ್ನು ಸಾವಿರ ಸಲ ಮುಚ್ಚಿಸಿದೆ.
ಮರುದಿನ ನಾಲ್ಕು ಸಾವಿರ.
ಇನ್‌ಸ್ಪೆಕ್ಟರು ಬಂದ ದಿನದ ಶಾಲೆಯ ಹಾಗೆ
ಎಲ್ಲೆಲ್ಲೂ ಶಿಸ್ತು.

ಮೂರನೆಯ ದಿನ ನಾನು ಕ್ರೂರಿಯಾದೆ.
ಪ್ರೊಸೆಸರಿನ ತಲೆಗೆ ಬೇಡದ ಲೆಕ್ಕಗಳ ಮೂಟೆ ಹೊರಿಸಿದೆ,
ಮೆಮೊರಿಯನ್ನು ಅಂಚಿನವರೆಗೆ ತುಂಬಿದೆ,
ಸೆನ್ಸರಿನ ಮಾತನ್ನು ದಾರಿಯಲ್ಲೇ ತಡೆದು ತಡವಾಗಿ ಬಿಟ್ಟೆ.
ತಪ್ಪು ಮಾಡು, ಒಂದೇ ಒಂದು ಸಲ,
ನಾನು ನೋಡುತ್ತಿರುವಾಗ.
ನನ್ನ ಕಸುಬಿನ ಪ್ರಾರ್ಥನೆ ಇದು. ತಲೆಕೆಳಗು, ಗೊತ್ತು.

ಒಲೆಯ ಪಕ್ಕ ಕೂತು ಆಕೆ ರೊಟ್ಟಿ ಮುರಿದು ಕೊಡುತ್ತಾಳೆ,
ಜೊತೆಗೆ ಹುಳಿ ಪ್ಲಮ್ಮಿನ ಗೊಜ್ಜು.
ಬಾಗಿಲು ಹೊಡೆದುಕೊಳ್ಳುತ್ತಲೇ ಇದೆ: ಠಕ್. ಠಕ್.
ಡಬ್ಬಿ ನಿಂತ ಮೇಲೆ ಗಣಿಯವರು ಮೆಟ್ಟಿಲು ಹತ್ತಬೇಕು.
ಮಂಡಿನೋವಿನ ಬಾದ್ರಿ ಕಿಟಕಿಯಲ್ಲಿ ಬಗ್ಗಿ ಹೇಳಿದ:
ಮುನ್ನೂರೆಂಟು ಮೆಟ್ಟಿಲು, ಒಂದೊಂದಕ್ಕೂ ಒಂದು ಬೈಗುಳ,
ಎಲ್ಲ ನಿನ್ನ ಹೆಸರಿಗೇ.

ಎಂಟು ಸಾವಿರ ದಾಟುವ ಹೊತ್ತಿಗೆ
ನಾನೂ ಪೊರೆಯ ಮಾತನ್ನು ನಂಬತೊಡಗಿದ್ದೆ.
ಅದು ಮುಖದಲ್ಲಿ ಕಂಡಿರಬೇಕು.
ಆಕೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು
ಪುಸ್ತಕ ಬಿಡಿಸಿದಳು. ಆ ಸಾಲಿನ ಕೆಳಗೆ, ಬೇರೆಯೇ ಸಂಗತಿ ಎಂಬಂತೆ:
"ಮೇಲಿನಿಂದ ಜುಝುನಾ ಫೋನು. ಹಿಟ್ಟಿನ ಮೂಟೆ ಬರುತ್ತಾ ಅಂತ."

ಫೋನು.
ಅದೂ ಇದೇ ಪೆಟ್ಟಿಗೆಯಲ್ಲಿ, ಇದೇ ಪ್ರೊಸೆಸರಿನ ಮೇಲೆ.
ಯಾರೋ ದುಡ್ಡು ಉಳಿಸಲು ಸೇರಿಸಿದ್ದು.

ಅಂದು ರಾತ್ರಿಯಿಡೀ ಫೋನು ಬಾರಿಸಿದೆ.
ಬಾಗಿಲು ಮುಚ್ಚುವ ಮುನ್ನ, ಮುಚ್ಚುವಾಗ, ಮುಚ್ಚಿದ ಮೇಲೆ,
ಒಂದೊಂದೇ ಮಿಲಿಸೆಕೆಂಡು ಸರಿಸುತ್ತ,
ಕತ್ತಲೆಯಲ್ಲಿ ಗೋಡೆ ತಡವಿ ಸ್ವಿಚ್ಚು ಹುಡುಕುವವನ ಹಾಗೆ.
ಹನ್ನೊಂದು ಸಾವಿರದ ಇನ್ನೂರ ಆರನೆಯ ಸಲ
ಠಕ್ ಎನ್ನಲಿಲ್ಲ.
ಬಾಗಿಲು ಕೊಂಡಿಗೆ ತಾಗಿ, ಎರಡು ಬೆರಳಿನಷ್ಟು ಹಿಂದೆ ಬಂದು ನಿಂತಿತ್ತು.
ದೀಪ ಹಸಿರು.

ಎದ್ದು ಕುಣಿದೆ. ನಾಚಿಕೆಯಾಗಬೇಕಿತ್ತು.

ಆಗುತ್ತಿದ್ದದ್ದು ಇಷ್ಟು. ಪ್ರೋಗ್ರಾಂ ಕೇಳುತ್ತದೆ: ಮುಚ್ಚಿದೆಯಾ?
ಬಾಗಿಲು: ಹೂಂ.
ಅಷ್ಟರಲ್ಲಿ ಫೋನು. ಪ್ರೋಗ್ರಾಂ ಎದ್ದು ಹೋಗುತ್ತದೆ.
ಬಾಗಿಲು ಪುಟಿದು ಹಿಂದೆ ಸರಿದು, ಇಲ್ಲ ಎನ್ನುತ್ತದೆ.
ಕೇಳಲು ಯಾರೂ ಇಲ್ಲ.
ವಾಪಸು ಬಂದಾಗ ಅದರ ಕೈಯಲ್ಲಿರುವುದು ಹಳೆಯ ಹೂಂ.
ಅದನ್ನೇ ನಂಬಿ ದೀಪ ಹಚ್ಚುತ್ತದೆ.

"ಮನೆಗಳಲ್ಲೂ ಹೀಗಾಗುತ್ತದೆ," ಎಂದಳು ನಾಝಿಬ್ರೋಲಾ.
ಯಾರ ಮನೆ ಎಂದು ಹೇಳಲಿಲ್ಲ.

ತಿದ್ದಿದ್ದು ಮೂರು ಸಾಲು: ಎದ್ದು ಹೋಗಿದ್ದರೆ, ಬಂದ ಮೇಲೆ ಇನ್ನೊಮ್ಮೆ ಕೇಳು.
ಆಮೇಲೆ ನಾಲ್ಕು ಹಗಲು ನಾಲ್ಕು ರಾತ್ರಿ,
ಮೂವತ್ತು ಸಾವಿರ ಸಲ, ಫೋನಿನ ಸಮೇತ. ಒಂದೂ ತಪ್ಪಲಿಲ್ಲ.
"ಹಾಗಾದರೆ ಇನ್ನು ಆಗುವುದಿಲ್ಲ?"
"ಮೂವತ್ತು ಸಾವಿರ ಸಲ ಆಗಲಿಲ್ಲ."
ಅದಕ್ಕಿಂತ ಹೆಚ್ಚು ಹೇಳಲು ನನ್ನ ಕಸುಬಿಗೆ ಬಾಯಿಲ್ಲ.

ಕುತೈಸಿಯಿಂದ ಪತ್ರ ಬಂತು.
ಪೊರೆಯ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.
ಆಕೆ ಫೆಬ್ರವರಿಯ ಸಾಲನ್ನು ಹುಡುಕಿ, ಅಡಿಗೆರೆ ಎಳೆದು,
"ಸರಿಯಾಯಿತು" ಎಂದು ಬರೆದಳು,
ಪೆನ್ಸಿಲಿನಲ್ಲಿ.

ಮೊದಲ ಪಾಳಿಯವರು ಹತ್ತಿದರು, ಬಾದ್ರಿ ಎಲ್ಲರಿಗಿಂತ ಮುಂದೆ.
ಠಕ್. ಹಸಿರು.
ನಾಝಿಬ್ರೋಲಾ ಹೊರಗೆ ಬಂದು ಬಾಗಿಲ ಹಿಡಿಯನ್ನು ಕೈಯಾರೆ ಜಗ್ಗಿ ನೋಡಿದಳು.
ಒಳಗೆ ಫೋನು ಬಾರಿಸತೊಡಗಿತು.
ಮತ್ತೊಮ್ಮೆ ಜಗ್ಗಿದಳು.