ಹದಿನಾರು ಇಂಚು

ನೀಲಿಗಿನ್ ರೋಡಿನ ಅಂಗಡ್ಯಾಗ
ಮೂರು ಗರಗಸ ಇಳಿಸಿಟ್ಟ ಹುಡುಗ:
ಹನ್ನೆರಡು, ಹದಿನಾರು, ಇಪ್ಪತ್ತೆರಡು ಇಂಚು.
'ದೊಡ್ಡದ ಒಯ್ರಿ ಅಕ್ಕಾರ, ಆಫರ್ ಐತಿ.'

ನನ್ನ ಚೀಲದಾಗ ಸುತಳಿ ಇತ್ತು,
ಕುಂದಗೋಳದ ಹಿತ್ತಲದಾಗ ಬಿದ್ದ
ಜಾಲಿ ಬೊಡ್ಡಿ ಸುತ್ತ ಹಾಯಿಸಿ ಗಂಟು ಹಾಕಿದ್ದು.
ಹುಡುಗ ನಕ್ಕ.
ರಾಜೇಸಾಬ ಅದನ್ನ ಮೂರು ಮಡಿಕಿ ಮಾಡಿ
ಪಟ್ಟಿ ಮ್ಯಾಲಿಟ್ಟ. ಸಣ್ಣದು ಸಾಲಲಿಲ್ಲ,
ನಡುವಿಂದರಾಗ ಎರಡು ಬಟ್ಟು ಉಳೀತು.

ಇಪ್ಪತ್ತು ವರ್ಷ ನಮ್ಮ ನೀರೊಲಿಗೆ ಕಟಗಿ ಒಡದಾಂವ.
ಯುಗಾದಿ ಮುಂದ ಬಲಗೈ
ಹೆಗಲಿನ ಮ್ಯಾಲೆ ಏಳೂದು ಬಿಡ್ತು.

ಕೊಡ್ಲಿ ನೋಡಿದಂಗ ಸರಪಳಿ ಹಲ್ಲಿಗೆ
ಹೆಬ್ಬಟ್ಟು ತಾಗಿಸಿದ. ಎತ್ತಿದ, ಕೆಳಗಿಟ್ಟ.
'ಪೆಟ್ರೋಲ್ ತುಂಬಿ ಕೊಡಪಾ,
ಖಾಲಿ ಹೊಟ್ಟಿಲೆ ಎಲ್ಲಾರೂ ಹಗರ.'

ತುಂಬಿದ ಮ್ಯಾಲೆ ನನ್ನ ಕೈಗೆ ಕೊಟ್ಟ:
'ನೀವ ಹಿಡೀಬೇಕಾದ್ದು.'
ಅರ್ಧ ಕೊಡ ನೀರಿನಷ್ಟು ಭಾರ.
ಸೊಂಟದ ಮ್ಯಾಲೆ ಇಡಾಕ ಬರೂದಿಲ್ಲ, ಅಷ್ಟ.

ಬಸ್ಸಿನ್ಯಾಗ ಡಬ್ಬಿ ನನ್ನ ತೊಡಿ ಮ್ಯಾಲೆ,
ಬಿಲ್ಲು ಕುಬಸದಾಗ.
ಇನ್ನ ಅವನ ಕೂಲಿ? ಕೇಳಾಕ ಬಾಯಿ ಬರವಲ್ದು.
ಕಿಡಕ್ಯಾಗಿಂದ ಎರಿ ಹೊಲ, ಹತ್ತಿ ಗಾಡಿ, ಧೂಳು.
ಶೆರೆವಾಡ ದಾಟಿದ ಮ್ಯಾಲೆ ಅಂದ:

'ಇದು ಅಡ್ಡ ಕೊಯ್ತೈತಿ ಅಕ್ಕಾ.
ಉದ್ದಕ ಸೀಳೂದು?'

ನಾ ಅವನ ಬಲಭುಜ ನೋಡಿದೆ.
ಆತ ಎಡಗೈ ಅಂಗೈ ಬಿಚ್ಚಿ ತೋರಿಸಿದ:
ಹೊಸಾ ಬೊಬ್ಬಿ, ನಾಕು,
ಇನ್ನೂ ಒಡದಿಲ್ಲ.